ಹಲ್ಲಣ್ಣನಿಗೆ ಬಾರದ ಸಿಟ್ಟು

ಎಲ್ಲಕ್ಕೂ ಕಾರಣ ಗಾಳಿ. ಬೆಳಿಗ್ಗೆ ಎಂಟೂವರೆಗೆ ಹಲ್ಲಣ್ಣ ಕೆಲಸಕ್ಕೆಂದು ಹೊಸ್ತಿಲು ದಾಟಿದ್ದನಷ್ಟೆ, ಅಡುಗೆಮನೆಯ ಕಿಟಕಿಯಿಂದ ನುಗ್ಗಿದ ಗಾಳಿ ಅವನ ಹಿಂದಿನಿಂದ ಬಾಗಿಲನ್ನು ಧಡಾರೆಂದು ಬಡಿಯಿತು. ನಾಲ್ಕು ಮಹಡಿಯ ಕಟ್ಟಡ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಬೆಚ್ಚಿಬಿದ್ದಿತು. ಸದ್ಯ, ಬೆರಳು ಸಿಕ್ಕಿಕೊಳ್ಳಲಿಲ್ಲವಲ್ಲ ಎಂದು ಹಲ್ಲಣ್ಣ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಬೇರೆ ಯಾರ ಮನೆಯ ಬಾಗಿಲಾಗಿದ್ದರೂ ಜನ ಗಾಳಿಯನ್ನು ಬೈದು ಸುಮ್ಮನಾಗುತ್ತಿದ್ದರು. ಇದು ಹಲ್ಲಣ್ಣನ ಮನೆಯ ಬಾಗಿಲು. ಎದುರು ಮನೆ, ಪಕ್ಕದ ಮನೆ, ಕೆಳಗಿನ ಮನೆ, ಮೂರೂ ಕಡೆಯಿಂದ ಒಂದೇ ಪಿಸುಮಾತು ಹೊರಟಿತು.

"ಬೆಟ್ಟದವರಿಗೆ ಸಿಟ್ಟು ಬಂದಿದೆ."

ಬಾಗಿಲು ತೆರೆದು ಹೆಂಡತಿ ಇಣುಕಿದಳು. "ಏನಾಯ್ತು ರೀ?"

"ಗಾಳಿ."

"ಹಾಗಂತ ಸ್ವಲ್ಪ ಜೋರಾಗಿ ಹೇಳಿ. ಎಲ್ಲರಿಗೂ ಕೇಳಲಿ."

"ಜೋರಾಗಿ ಹೇಳಿದ್ರೆ ಸಿಟ್ಟು ಅಂತಾರೆ."

ಅದೂ ನಿಜವೇ. ಹೆಂಡತಿ ನಿಟ್ಟುಸಿರು ಬಿಟ್ಟು ಒಳಗೆ ಹೋದಳು.

ಹಲ್ಲಣ್ಣನ ತಾತ ಯಾವುದೋ ಕಾಲದಲ್ಲಿ ಬೆಟ್ಟದಿಂದ ಇಳಿದು ಬಯಲಿನ ಈ ಊರಿಗೆ ಬಂದವರು. ಹಲ್ಲಣ್ಣ ಬೆಟ್ಟ ನೋಡಿದ್ದು ಜೀವಮಾನದಲ್ಲಿ ಎರಡೇ ಸಲ, ಎರಡು ಸಲವೂ ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿದ್ದ. ಆದರೆ ಮೂಗು ಮಾತ್ರ ತಾತನದು. ಆ ಮೂಗು ನೋಡಿದ ಕೂಡಲೇ ಊರಿನವರಿಗೆ ಅವನ ಬಗ್ಗೆ ತಿಳಿಯಬೇಕಾದದ್ದೆಲ್ಲ ತಿಳಿದುಬಿಡುತ್ತಿತ್ತು. ಬೆಟ್ಟದವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಅಲ್ಲಿ ತೊಟ್ಟಿಲ ಮಗುವಿಗೂ ಗೊತ್ತಿದ್ದ ಸಂಗತಿ. ನಿಜ ಹೇಳಬೇಕೆಂದರೆ ಹಲ್ಲಣ್ಣ ಇರುವೆ ಸಾಲಿಗೆ ದಾರಿ ಬಿಟ್ಟುಕೊಟ್ಟು ನಡೆಯುವ ಆಸಾಮಿ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವನಿಗೆ ಸಿಟ್ಟು ಬಂದದ್ದನ್ನು ಹೆಂಡತಿ ನೋಡಿದ್ದು ಒಂದೇ ಸಲ, ಅದೂ ಅವನ ಮೇಲೆ ಅವನಿಗೇ ಬಂದದ್ದು.

ಅವನ ಕೆಲಸ ಹಲ್ಲುಸೆಟ್ಟು ಮಾಡುವುದು. ಅದರಿಂದಲೇ ಆ ಹೆಸರು. ಹಲ್ಲಿನ ದವಾಖಾನೆಯೊಂದರ ಹಿಂದಿನ ಕೋಣೆಯಲ್ಲಿ ಕೂತು, ಡಾಕ್ಟರಮ್ಮ ರೋಗಿಗಳ ಬಾಯಿಯಿಂದ ತೆಗೆದುಕೊಟ್ಟ ಅಚ್ಚಿಗೆ ಪ್ಲಾಸ್ಟರ್ ಸುರಿದು, ದವಡೆಯ ಆಕಾರ ಎಬ್ಬಿಸಿ, ಅದಕ್ಕೆ ಒಸಡು ಕಟ್ಟಿ ಹಲ್ಲು ಜೋಡಿಸಿ ಅರದಿಂದ ತೀಡುವುದು. ಊರಿನ ಮುಖಗಳು ಅವನಿಗೆ ಗೊತ್ತಿರಲಿಲ್ಲ, ದವಡೆಗಳು ಗೊತ್ತಿದ್ದವು. ಆ ಕೋಣೆಗೆ ಕಿಟಕಿ ಇರಲಿಲ್ಲ. ಒಂಬತ್ತು ವರ್ಷ ಪ್ಲಾಸ್ಟರಿನ ಧೂಳು ಕುಡಿದು ಅವನಿಗೆ ಕೆಮ್ಮು ಅಂಟಿಕೊಂಡಿತ್ತು. ಎದೆಯ ಡಾಕ್ಟರು ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು, "ಆ ಧೂಳಿನಿಂದ ಹೊರಗೆ ಬನ್ನಿ. ಇಲ್ಲಾಂದ್ರೆ ಆಮೇಲೆ ನನ್ನ ಹತ್ತಿರ ಬಂದು ಪ್ರಯೋಜನ ಇಲ್ಲ" ಎಂದಿದ್ದರು. ಹೆಂಡತಿ ಅಂದಿನಿಂದ ಅವನು ಪ್ರತಿ ಸಲ ಕೆಮ್ಮಿದಾಗಲೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಅವನ ಮುಖ ನೋಡುತ್ತಿದ್ದಳು.

ಅಷ್ಟರಲ್ಲೇ ದವಾಖಾನೆಯ ಮುಂದಿನ ಕೌಂಟರಿನ ಕೆಲಸ ಖಾಲಿಯಾಯಿತು. ಬೀದಿಗೆ ತೆರೆದ ದೊಡ್ಡ ಕಿಟಕಿ, ಫ್ಯಾನು, ಮೆತ್ತನೆಯ ಕುರ್ಚಿ. ಹಲ್ಲಣ್ಣ ಧೈರ್ಯ ಮಾಡಿ ಕೇಳಿದ. ಡಾಕ್ಟರಮ್ಮ ಒಳ್ಳೆಯವರು, ಯೋಚಿಸಿ ಮಾತಾಡುವವರು.

"ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ. ಒಂಬತ್ತು ವರ್ಷ, ಒಂದೇ ಒಂದು ದೂರು ಬಂದಿಲ್ಲ. ಆದರೆ ಕೌಂಟರ್ ಅಂದ್ರೆ ತಾಳ್ಮೆ ಬೇಕು. ನಿಮ್ಮ ಕಡೆಯವರು ಸ್ವಲ್ಪ..."

'ಸ್ವಲ್ಪ' ಎಂದು ಅಲ್ಲಿಗೇ ನಿಲ್ಲಿಸಿದರು. ಕೊನೆಗೆ ಒಂದು ದಿನ ಕೂರಿಸಿ ನೋಡುವುದು, ಸಂಜೆ ಐದಕ್ಕೆ ತೀರ್ಮಾನ ಹೇಳುವುದು ಎಂದಾಯಿತು. ಆ ಒಂದು ದಿನ ಇವತ್ತು. ಐದು ಗಂಟೆಯವರೆಗೆ ಏನೇ ಆದರೂ ಸಿಟ್ಟು ಬಂದಂತೆ ಕಾಣಬಾರದು ಎಂದು ಹಲ್ಲಣ್ಣ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಮುಗುಳ್ನಗೆಯನ್ನು ಅಭ್ಯಾಸ ಮಾಡಿದ್ದ. ಅದೇ ನಗೆಯನ್ನು ತೊಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದಾಗ ಎರಡನೇ ಮಹಡಿಯಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿ ಅವನ ತೋಳು ಹಿಡಿದರು.

"ಹಲ್ಲಣ್ಣ, ಸರಿಯಾದ ಹೊತ್ತಿಗೆ ಸಿಟ್ಟು ಬಂದಿದೆ ನಿಮಗೆ. ಬನ್ನಿ, ಲಿಫ್ಟಿನವನು ಕೆಳಗಿದ್ದಾನೆ."

"ನನಗೆ ಸಿಟ್ಟು ಬಂದಿಲ್ಲ ಸಾರ್. ಅದು ಗಾಳಿ."

"ಗೊತ್ತು ಬಿಡಿ, ಹೊರಗೆ ಹೇಳ್ಕೊಳ್ಳೋದಲ್ಲ ಅದು. ಆದರೆ ದಂಡ ಮಾಡಬೇಡಿ. ಹನ್ನೊಂದು ದಿನದಿಂದ ಲಿಫ್ಟು ನಿಂತಿದೆ. ಅವನು ಬರ್ತಾನೆ, ಸಾಮಾನು ಬಂದಿಲ್ಲ ಅಂತಾನೆ, ಹೋಗ್ತಾನೆ. ನಾವು ಬಯಲಿನವರು, ಬೈಯೋಕೆ ಬರಲ್ಲ, ಒಳಗೊಳಗೇ ನುಂಗ್ಕೊಳ್ತೀವಿ. ನಿಮ್ಮಂಥವರು ಇರೋದೇ ಇಂಥದ್ದಕ್ಕೆ."

ಕಾರ್ಯದರ್ಶಿಗಳು ಇದನ್ನು ಹೊಗಳಿಕೆ ಎಂದೇ ಹೇಳಿದ್ದರು. ಹಲ್ಲಣ್ಣನಿಗೆ ಯಾರೋ ತನ್ನನ್ನು ಕಟ್ಟಿಹಾಕಿದ ನಾಯಿಯ ಹಾಗೆ ಸರಪಳಿ ಹಿಡಿದು ಕರೆದೊಯ್ಯುತ್ತಿದ್ದಾರೆ ಅನಿಸಿತು. ಕೆಳಗೆ ಏಳೆಂಟು ಜನ ಆಗಲೇ ಸೇರಿದ್ದರು, ಇಬ್ಬರು ಕುರ್ಚಿ ತಂದು ಹಾಕಿಕೊಂಡಿದ್ದರು. ಲಿಫ್ಟಿನವನು ಸ್ಪ್ಯಾನರ್ ಹಿಡಿದು ನಿಂತಿದ್ದ. ಬರುವವನು ಬೆಟ್ಟದವನೆಂದು ಅವನ ಕಿವಿಗೆ ಯಾರೋ ಮೊದಲೇ ಹಾಕಿದ್ದರು.

ಹಲ್ಲಣ್ಣ ಕೈಮುಗಿದ. "ನಮಸ್ಕಾರ ಅಣ್ಣ. ಬಿಸಿಲಲ್ಲಿ ಬಂದಿದ್ದೀರಿ, ನೀರು ಕುಡಿದ್ರಾ?"

ಲಿಫ್ಟಿನವನು ಸ್ಪ್ಯಾನರನ್ನು ಎದೆಗೆ ಒತ್ತಿಕೊಂಡ.

"ಆ ಸಾಮಾನು ಬಂದಾಗ ಹಾಕಿಕೊಟ್ರೆ ಸಾಕು. ಅವಸರ ಏನಿಲ್ಲ" ಎಂದು ಹಲ್ಲಣ್ಣ ಅಭ್ಯಾಸ ಮಾಡಿದ್ದ ಮುಗುಳ್ನಗೆ ಬೀರಿದ.

ಲಿಫ್ಟಿನವನ ಮುಖ ಬಿಳಿಚಿಕೊಂಡಿತು. ಬೈದರೆ ಬೈಸಿಕೊಳ್ಳುವುದು ಅವನಿಗೆ ರೂಢಿ. ಬೆಟ್ಟದವನು ನೀರು ಕುಡಿದಿರಾ ಎಂದು ಕೇಳಿದರೆ ಏನರ್ಥ? ಅವಸರವಿಲ್ಲ ಎಂದರೆ ಇನ್ನು ಯಾವುದಕ್ಕೆ ಕಾಯುತ್ತಿದ್ದಾನೆ? ಅವನು ಚೀಲಕ್ಕೆ ಕೈಹಾಕಿ ತಡಕಾಡಿದ. ಹನ್ನೊಂದು ದಿನದಿಂದ ಬಾರದ ಸಾಮಾನು ಚೀಲದ ತಳದಲ್ಲೇ ಸಿಕ್ಕಿತು. ಇಪ್ಪತ್ತು ನಿಮಿಷದಲ್ಲಿ ಲಿಫ್ಟು ಮೇಲೆ ಕೆಳಗೆ ಓಡಾಡತೊಡಗಿತು.

"ನೋಡಿದ್ರಾ?" ಕಾರ್ಯದರ್ಶಿಗಳು ಎಲ್ಲರ ಕಡೆ ತಿರುಗಿ ಹೇಳಿದರು. "ಬೆಟ್ಟದವರು ಕೂಗಾಡಿದ್ರೆ ಪರವಾಗಿಲ್ಲ. ಮೆತ್ತಗೆ ಮಾತಾಡಿದ್ರೋ, ಮುಗೀತು ಕತೆ."

ಬಾಗಿಲು ಬಡಿದರೆ ಸಿಟ್ಟು, ಕೈಮುಗಿದರೆ ಇನ್ನೂ ದೊಡ್ಡ ಸಿಟ್ಟು. ಹಾಗಾದರೆ ನನಗೆ ಸಿಟ್ಟು ಬಂದಿಲ್ಲ ಎಂದು ತೋರಿಸಲು ಇರುವ ದಾರಿ ಯಾವುದು ಎಂದು ಹಲ್ಲಣ್ಣ ದವಾಖಾನೆಯವರೆಗೂ ಯೋಚಿಸುತ್ತಲೇ ನಡೆದ.

ಕೌಂಟರಿನ ಕುರ್ಚಿ ಅವನು ಊಹಿಸಿದ್ದಕ್ಕಿಂತ ಮೆತ್ತಗಿತ್ತು. ಕಿಟಕಿಯಿಂದ ಬಂದ ಗಾಳಿಗೆ ಎದೆ ಹಗುರಾಯಿತು. ಅರ್ಧ ಗಂಟೆ ಕಳೆದರೂ ಒಂದು ಸಲವೂ ಕೆಮ್ಮು ಬರಲಿಲ್ಲ. ಹಳೆಯ ಅಭ್ಯಾಸದಿಂದ ಅರ ಮಾತ್ರ ಜೇಬಿನಲ್ಲೇ ಉಳಿದಿತ್ತು. ನರ್ಸಮ್ಮ ಅವನ ಎದುರಿನಿಂದ ಕತ್ತರಿ, ಕಾಗದ ಚುಚ್ಚುವ ಮೊಳೆ, ಗಾಜಿನ ಲೋಟ ಮೂರನ್ನೂ ಒಂದೊಂದಾಗಿ ಎತ್ತಿ ದೂರದ ಬೀರುವಿನಲ್ಲಿಟ್ಟರು.

"ಇದೆಲ್ಲ ಯಾಕೆ ತೆಗೆದಿಡ್ತಿದ್ದೀರಿ ನರ್ಸಮ್ಮ?"

"ಏನಿಲ್ಲಪ್ಪ. ನಿನ್ನ ಒಳ್ಳೇದಕ್ಕೇ. ಎಲ್ಲಾದರೂ ಅಕಸ್ಮಾತ್..."

ಅವರಿಗೆ ಹಲ್ಲಣ್ಣನನ್ನು ಕಂಡರೆ ನಿಜಕ್ಕೂ ಅಕ್ಕರೆ. ಊಟದ ಹೊತ್ತಿಗೆ ತಮ್ಮ ಡಬ್ಬಿಯಿಂದ ಅವನಿಗೊಂದು ಪಾಲು ತೆಗೆದಿಡುವವರು. ಅದಕ್ಕೇ ಅವನು ಮುಗುಳ್ನಗೆ ಬೀರಿ ಸುಮ್ಮನಾದ.

ಹನ್ನೊಂದು ಗಂಟೆಗೆ ಕಾರ್ಯದರ್ಶಿಗಳ ಹೆಂಡತಿ ಬಂದರು. ಹೋದ ವರ್ಷ ಅವರಿಗೆ ಮೇಲಿನ ಸೆಟ್ಟು ಮಾಡಿಕೊಟ್ಟವನು ಹಲ್ಲಣ್ಣನೇ. ಬಂದದ್ದು ಹಲ್ಲಿಗಲ್ಲ, ಸುದ್ದಿಗೆ.

"ಡಾಕ್ಟರಮ್ಮ, ಏನು ಮನುಷ್ಯ ರೀ ನಿಮ್ಮ ಹಲ್ಲಣ್ಣ! ಬೆಳಿಗ್ಗೆ ಬಾಗಿಲು ಬಡಿದ ರಭಸಕ್ಕೆ ನಮ್ಮನೆ ಗೋಡೆ ಗಡಿಯಾರ ನಿಂತೋಯ್ತು. ಆಮೇಲೆ ಲಿಫ್ಟಿನವನನ್ನ ಒಂದೇ ನೋಟ ನೋಡಿದ್ರು ನೋಡಿ, ಹುಡುಗ ಗಡಗಡ! ಇಪ್ಪತ್ತು ನಿಮಿಷಕ್ಕೆ ಲಿಫ್ಟು ರೆಡಿ! ಕೌಂಟರಿಗೆ ಇವರೇ ಸರಿ. ಒಬ್ಬರೂ ಎದುರು ಮಾತಾಡಲ್ಲ."

ಶಿಫಾರಸು ಮಾಡಿದ ತೃಪ್ತಿಯಲ್ಲಿ ಹಲ್ಲಣ್ಣನಿಗೆ ಕಣ್ಣು ಮಿಟುಕಿಸಿ ಅವರು ಹೋದರು. ಡಾಕ್ಟರಮ್ಮ ಹುಬ್ಬು ಮೇಲೆತ್ತಿ ಅವನನ್ನು ನೋಡಿದರು. ಆಮೇಲೆ ಒಂದು ಚೀಟಿಯಲ್ಲಿ ಏನೋ ಬರೆದುಕೊಂಡು ಒಳಗೆ ಹೋದರು. ಹಲ್ಲಣ್ಣನಿಗೆ ತಾನು ಕೂತ ಕುರ್ಚಿಯನ್ನು ಯಾರೋ ಎಳೆಯುತ್ತಿರುವಂತೆ ಭಾಸವಾಯಿತು.

ಮಧ್ಯಾಹ್ನದವರೆಗೆ ಹನ್ನೆರಡು ಜನ ರೋಗಿಗಳು ಬಂದರು. ವಿಚಿತ್ರವೆಂದರೆ ಒಬ್ಬರೂ ಜಗಳ ತೆಗೆಯಲಿಲ್ಲ, ತಡವಾಯಿತೆನ್ನಲಿಲ್ಲ, ನನಗಿಂತ ಅವರನ್ನು ಮೊದಲು ಕಳಿಸಿದಿರಿ ಎನ್ನಲಿಲ್ಲ. ಎಲ್ಲರೂ ಗೋಡೆಗೆ ಅಂಟಿ ಕೂತಿದ್ದರು. ತನ್ನ ಮುಗುಳ್ನಗೆಯ ಮಹಿಮೆ ಎಂದು ಹಲ್ಲಣ್ಣ ಒಳಗೊಳಗೇ ಹಿಗ್ಗಿದ. ಬಾಗಿಲಲ್ಲೇ ನರ್ಸಮ್ಮ ಪ್ರತಿಯೊಬ್ಬರ ಕಿವಿಯಲ್ಲಿ ಏನೋ ಹೇಳಿ ಒಳಗೆ ಬಿಡುತ್ತಿದ್ದುದು ಅವನಿಗೆ ಕಾಣಿಸಲಿಲ್ಲ.

ನಾಲ್ಕೂವರೆಗೆ ಲೆಕ್ಕದ ಮೇಷ್ಟ್ರು ಬಂದರು. ನಿವೃತ್ತರಾಗಿ ಹತ್ತು ವರ್ಷವಾದವರು, ತೆಳ್ಳಗೆ, ಬೆಳ್ಳಗೆ, ಗುಂಡಿ ಮೇಲಿನವರೆಗೂ ಹಾಕಿದ ಅಂಗಿ. ಹೋದ ವಾರವಷ್ಟೇ ಡಾಕ್ಟರಮ್ಮ ಅವರಿಗೆ ಮೇಲೆ ಕೆಳಗೆ ಪೂರ್ತಿ ಸೆಟ್ಟು ಕೊಟ್ಟಿದ್ದರು, ಇವತ್ತು ತೋರಿಸಿ ಹೋಗಲು ಹೇಳಿದ್ದರು. ಹಲ್ಲಣ್ಣ ಎದ್ದುನಿಂತ.

"ಹೇಗಿದೆ ಮೇಷ್ಟ್ರೇ ಸೆಟ್ಟು?"

"ಬಹಳ ಚೆನ್ನಾಗಿದೆ" ಎಂದರು ಮೇಷ್ಟ್ರು. ಹೇಳುವಾಗ ಅವರ ಬಲಗಣ್ಣಿನಿಂದ ಒಂದು ಹನಿ ಉರುಳಿ ಕೆನ್ನೆಯ ಮೇಲೆ ನಿಂತಿತು.

"ಎಲ್ಲಾದರೂ ಚುಚ್ಚುತ್ತಾ?"

"ಇಲ್ಲ, ಇಲ್ಲ. ಹೂವಿನ ಹಾಗಿದೆ." ಎಡಗಣ್ಣಿನಿಂದಲೂ ಒಂದು ಹನಿ ಬಿತ್ತು.

ಹಲ್ಲಣ್ಣ ಆ ಎರಡು ಹನಿಗಳನ್ನೇ ನೋಡಿದ. ಈ ಬಯಲಿನವರೇ ಹೀಗೆ ಎಂದುಕೊಂಡ. ನೋವನ್ನು ನುಂಗಿಕೊಳ್ಳುತ್ತಾರೆ, ಪ್ರಾಣ ಹೋದರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾರ್ಯದರ್ಶಿಗಳೇ ಬೆಳಿಗ್ಗೆ ಹೇಳಲಿಲ್ಲವೇ! ಇಂಥವರನ್ನು ತಾವಾಗಿಯೇ ಒತ್ತಾಯ ಮಾಡಿ ವಿಚಾರಿಸಬೇಕು. ಅವನು ಜೇಬಿನಿಂದ ಅರ ತೆಗೆದ.

"ಎರಡೇ ನಿಮಿಷ, ಬಿಚ್ಚಿ ಕೊಡಿ ಮೇಷ್ಟ್ರೇ. ಸ್ವಲ್ಪ ತೀಡಿಕೊಡ್ತೀನಿ."

"ಬೇಡಪ್ಪ, ಬೇಡ. ನಾನು ಹೋಗ್ತೀನಿ."

"ನೋವಿರೋದು ಕಾಣ್ತಿದೆ ನನಗೆ. ಕೊಡಿ."

"ನೋವಿಲ್ಲ ಅಂದ್ನಲ್ಲ!" ಎಂದವರು ತುಟಿಗಳನ್ನು ಬಿಗಿದು, ಮುಖ ಕೆಂಪಾಗಿಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದರು. ಹಲ್ಲಣ್ಣ ಕೌಂಟರಿನ ಬಾಗಿಲು ತೆರೆದು ಹೊರಗೆ ಬಂದ. ಮೇಷ್ಟ್ರು ಅರವನ್ನು ನೋಡಿದರು, ಹಲ್ಲಣ್ಣನನ್ನು ನೋಡಿದರು, ಆಮೇಲೆ ಎಪ್ಪತ್ತರ ವಯಸ್ಸನ್ನೂ ಲೆಕ್ಕಿಸದೆ ಕಾಲಿಗೆ ಬುದ್ಧಿ ಹೇಳಿದರು.

ಒಳ್ಳೆಯ ಕೆಲಸಗಾರನಿಗೆ ತನ್ನ ಸೆಟ್ಟು ಯಾರದೋ ಬಾಯಲ್ಲಿ ಚುಚ್ಚುತ್ತಾ ಬೀದಿ ತಿರುಗುವುದನ್ನು ನೋಡಿಕೊಂಡು ಕೂರಲಾಗುವುದಿಲ್ಲ. ಹಲ್ಲಣ್ಣನೂ ಓಡಿದ. ಮೆಟ್ಟಿಲಿಳಿದು, ಸೈಕಲ್ ಅಂಗಡಿ ದಾಟಿ, ಪೇಪರ್ ಮಾರುವವನ ರಾಶಿ ಹಾರಿ ಮೇಷ್ಟ್ರು ಮುಂದೆ, ಅರ ಎತ್ತಿ ಹಿಡಿದ ಹಲ್ಲಣ್ಣ ಹಿಂದೆ. ದೂರ ಹೆಚ್ಚುತ್ತಿದ್ದಂತೆ ಅವನು ಜೀವನದಲ್ಲಿ ಮೊದಲ ಸಲ ಬೀದಿಯಲ್ಲಿ ಗಂಟಲೆತ್ತಿ ಕೂಗಿದ.

"ನಿಲ್ಲಿ ಮೇಷ್ಟ್ರೇ! ಹಲ್ಲು ಬಿಚ್ಚಿ ಕೊಟ್ಟು ಹೋಗಿ!"

ಬೀದಿಯಲ್ಲಿದ್ದವರ ಜೀವ ಬಾಯಿಗೆ ಬಂತು. ಬೆಟ್ಟದವನೊಬ್ಬ ಹಾಡುಹಗಲೇ ವಯಸ್ಸಾದ ಮೇಷ್ಟ್ರೊಬ್ಬರನ್ನು ಅಟ್ಟಿಸಿಕೊಂಡು ಹೋಗಿ ಹಲ್ಲು ಕೇಳುತ್ತಿದ್ದಾನೆ! ಮೇಷ್ಟ್ರು ದರ್ಜಿಯ ಅಂಗಡಿಗೆ ನುಗ್ಗಿ ಹೊಲಿಗೆ ಯಂತ್ರದ ಹಿಂದೆ ಕೂತರು. ದರ್ಜಿ ಕತ್ತರಿ ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತ. ಸೈಕಲ್ ಅಂಗಡಿಯವನು ಒಂದು ತೋಳು, ಪೇಪರಿನವನು ಇನ್ನೊಂದು ತೋಳು ಹಿಡಿದರು. ಸ್ವಲ್ಪ ದೂರದಲ್ಲಿ ಚೀಲ ಹಿಡಿದು ಬರುತ್ತಿದ್ದ ಕಾರ್ಯದರ್ಶಿ ದಂಪತಿಗಳು ಓಡಿಬಂದರು. "ಬಿಡಬೇಡಿ, ಗಟ್ಟಿಯಾಗಿ ಹಿಡ್ಕೊಳ್ಳಿ. ಬೆಳಿಗ್ಗೆಯಿಂದ ಏರ್ತಾನೇ ಇದೆ ಸಿಟ್ಟು" ಎಂದು ಕಾರ್ಯದರ್ಶಿಗಳು ಅನುಭವದ ಮಾತು ಹೇಳಿದರು.

ತಾನಾಗಿಯೇ ನಡೆದು ಬರುತ್ತಿದ್ದ ಹಲ್ಲಣ್ಣನನ್ನು ಇಪ್ಪತ್ತು ಜನ ಹಿಡಿದು ತಂದು ದವಾಖಾನೆಯ ಕೌಂಟರಿನ ಮುಂದೆ ನಿಲ್ಲಿಸಿದರು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ ಇತ್ತು. ಡಾಕ್ಟರಮ್ಮ ಕೈಗವಸು ಬಿಚ್ಚುತ್ತಾ ಹೊರಗೆ ಬಂದರು.

"ಏನಿದು? ನಿಮಗೆ ಸಿಟ್ಟು ಬಂತಾ?"

"ಇಲ್ಲ ಡಾಕ್ಟರಮ್ಮ. ಅವರಿಗೆ ನೋವಿತ್ತು, ತೀಡಿಕೊಡೋಣ ಅಂತ..."

"ನೋಡಿ, ಹೇಗೆ ತಡ್ಕೊಂಡಿದ್ದಾನೆ ಪಾಪ" ಎಂದರು ನರ್ಸಮ್ಮ, ಕಣ್ಣೊರೆಸಿಕೊಳ್ಳುತ್ತಾ. "ಹುಟ್ಟಿನಿಂದ ಬಂದದ್ದು, ಅವನೇನು ಮಾಡ್ತಾನೆ?"

ಆ ಪಾಪ ಎಂಬ ಮಾತಿಗೆ ಹಲ್ಲಣ್ಣನೊಳಗೆ ಏನೋ ಕಳಚಿತು. ಬೈಗುಳವನ್ನಾದರೂ ಸಹಿಸಬಹುದಿತ್ತು. ಅವನು ತೋಳು ಕೊಡವಿ ನಿಂತ.

"ಸಿಟ್ಟು ಬಂದಿಲ್ಲ, ಬಂದಿಲ್ಲ, ಬಂದಿಲ್ಲ! ಎಷ್ಟು ಸಲ ಹೇಳಬೇಕು? ಗಾಳಿ ಬಾಗಿಲು ಬಡಿದ್ರೆ ನನ್ನ ಸಿಟ್ಟು. ಕೈಮುಗಿದ್ರೆ ಒಳಗೊಳಗೇ ಸಿಟ್ಟು. ನಕ್ಕರೆ ಸಿಟ್ಟು ಮುಚ್ಕೊಳ್ಳೋಕೆ ನಕ್ಕ. ಸ್ಕೂಲಲ್ಲಿ ಯಾರು ಗಾಜು ಒಡೆದ್ರೂ ಮೊದಲು ನನ್ನ ಕೈ ನೋಡ್ತಿದ್ರು. ಮದುವೆಗೆ ಮುಂಚೆ ನನ್ನ ಮಾವ ಮೂರು ಜನರನ್ನ ಕಳಿಸಿದ್ರು, ಇವನು ಹೊಡೀತಾನಾ ಅಂತ ವಿಚಾರಿಸೋಕೆ. ನಾನು ಏನು ಮಾಡಿದ್ರೆ ನಿಮಗೆ ನಾನು ಕಾಣಿಸ್ತೀನಿ ಹೇಳಿ! ನನ್ನ ಮುಖಕ್ಕೆ ನೀವೇ ಒಂದು ಬೋರ್ಡು ಬರೆದು ನೇತುಹಾಕಿದ್ದೀರಿ. ಬಂದವರೆಲ್ಲ ಬೋರ್ಡು ಓದ್ಕೊಂಡು ಹೋಗ್ತಾರೆ. ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಕೆಮ್ಮಿದೆ, ಅವನಿಗೆ ಹೆಂಡತಿ ಇದ್ದಾಳೆ, ಅವನಿಗೆ ಜಗಳ ಅಂದ್ರೆ ಕೈಕಾಲು ನಡುಗುತ್ತೆ ಅಂತ ಯಾರಾದರೂ ನೋಡಿದ್ದೀರಾ?"

ಕೊನೆಯ ಮಾತು ಮುಗಿಯುವ ಹೊತ್ತಿಗೆ ಅವನ ಮುಖ ಕೆಂಪಾಗಿತ್ತು, ಮುಷ್ಟಿ ಬಿಗಿದಿತ್ತು, ಮೂಗಿನ ಹೊಳ್ಳೆ ಅರಳಿತ್ತು. ತೋಳು ಬಿಟ್ಟು ಹಿಂದೆ ಸರಿದಿದ್ದ ಪೇಪರಿನವನು ತೃಪ್ತಿಯ ನಿಟ್ಟುಸಿರು ಬಿಟ್ಟ.

"ಬಂತು ನೋಡಿ ಕೊನೆಗೂ."

ಹಲ್ಲಣ್ಣ ಕುಸಿದು ಕೂತ. ಎಲ್ಲ ಮುಗಿದಿತ್ತು. ಮೂವತ್ತೊಂಬತ್ತು ವರ್ಷ ಇನ್ನೊಬ್ಬರ ಮೇಲೆ ಬಾರದ ಸಿಟ್ಟು, ಸಿಟ್ಟಿಲ್ಲ ಎಂದು ಹೇಳುವುದಕ್ಕಾಗಿಯೇ ಬಂದುಬಿಟ್ಟಿತ್ತು.

ಆಗ ಬಾಗಿಲಲ್ಲಿ ಗಲಾಟೆಯಾಯಿತು. ದರ್ಜಿಯ ಕೈ ಬಿಡಿಸಿಕೊಂಡು ಲೆಕ್ಕದ ಮೇಷ್ಟ್ರು ಒಳಗೆ ಬಂದರು. ಹಲ್ಲುಸೆಟ್ಟು ಅವರ ಬಾಯಲ್ಲಿರಲಿಲ್ಲ, ಅಂಗೈಯಲ್ಲಿತ್ತು. ಕೆನ್ನೆಗಳು ಒಳಗೆ ಹೋಗಿದ್ದವು, ಆದರೆ ಮಾತು ಸ್ಪಷ್ಟವಾಗಿತ್ತು.

"ಅವನನ್ನ ಬಿಡ್ರಿ. ನಾನು ಅವನಿಗೆ ಹೆದರಿ ಓಡಲಿಲ್ಲ."

"ಮತ್ತೆ?" ಎಂದರು ಡಾಕ್ಟರಮ್ಮ.

"ಇನ್ನೊಂದು ನಿಮಿಷ ಅಲ್ಲೇ ನಿಂತಿದ್ದಿದ್ರೆ ನಾನೇ ಕೂಗಿಬಿಡ್ತಿದ್ದೆ. ಆ ಸೆಟ್ಟು ಎಂಟು ದಿನದಿಂದ ನನ್ನ ಪ್ರಾಣ ತಿಂತಾ ಇದೆ. ಆದರೆ ನಾನು ಕೂಗಬಾರದು." ಮೇಷ್ಟ್ರು ಮೇಲಿನ ಗುಂಡಿ ಬಿಚ್ಚಿ ಉಸಿರೆಳೆದುಕೊಂಡರು. "ನಾನೂ ಬೆಟ್ಟದವನೇ. ಮೂಗು ಮಾತ್ರ ನಮ್ಮಮ್ಮನದು, ಬಯಲಿನದು. ಅದರಿಂದ ಬಚಾವಾದೆ. ನಲವತ್ತು ವರ್ಷದಿಂದ ಈ ಊರಲ್ಲಿ ಒಂದು ಸಲ ದನಿ ಎತ್ತಿಲ್ಲ. ಮಕ್ಕಳಿಗೆ ಲೆಕ್ಕ ತಪ್ಪಾದ್ರೂ ಬೈದಿಲ್ಲ. ಬೈದ್ರೆ, ಓಹೋ ಇವನು ಅವರ ಪೈಕಿ ಅಂತ ಗೊತ್ತಾಗಿಬಿಡುತ್ತೆ ಅಂತ."

ಸೇರಿದ್ದವರಲ್ಲಿ ಅರ್ಧ ಜನ ಅವರ ಶಿಷ್ಯರು. ಸೈಕಲ್ ಅಂಗಡಿಯವನಂತೂ ಏಳನೇ ತರಗತಿಯಲ್ಲಿ ಮೂರು ವರ್ಷ ಅವರ ಮುಂದೆಯೇ ಕೂತಿದ್ದವನು. ಬಾಯಿ ತೆರೆದವನು ಮುಚ್ಚುವುದನ್ನೇ ಮರೆತ.

ಹಲ್ಲಣ್ಣನ ಮುಖದ ಕೆಂಪು ಈಗ ಬೇರೆ ಬಗೆಯದಾಯಿತು. "ನಾನು ನಿಮ್ಮನ್ನ ಬಯಲಿನವರು ಅಂದ್ಕೊಂಡೆ ಮೇಷ್ಟ್ರೇ. ಬಯಲಿನವರು ನೋವಾದ್ರೂ ಹೇಳಲ್ಲ, ಅದಕ್ಕೇ ಒತ್ತಾಯ ಮಾಡಬೇಕು ಅಂತ ಹಿಂದೆ ಬಂದೆ" ಎಂದು ನೆಲ ನೋಡುತ್ತಾ ಹೇಳಿದ. "ನಾನೂ ಬೋರ್ಡೇ ಓದಿದ್ದು."

ಡಾಕ್ಟರಮ್ಮ ಕೈಯಲ್ಲಿದ್ದ ಕೈಗವಸನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ನೀವು ಕೌಂಟರ್ ಕೇಳಿದಾಗ ನಾನೂ ಅದನ್ನೇ ಮಾಡಿದೆ" ಎಂದರು. "ಒಂಬತ್ತು ವರ್ಷ ನನ್ನ ಪಕ್ಕದ ಕೋಣೆಯಲ್ಲಿ ಇದ್ದವರು ನೀವು. ನಿಮ್ಮ ಬಗ್ಗೆ ನಿಮ್ಮನ್ನ ನೋಡಿ ತಿಳ್ಕೊಳ್ಳಬೇಕಿತ್ತು. ತಪ್ಪಾಯ್ತು. ಕೌಂಟರ್ ನಿಮ್ಮದೇ."

ಹಲ್ಲಣ್ಣ ತಲೆಯೆತ್ತಿದ. ಕಿಟಕಿ, ಫ್ಯಾನು, ಮೆತ್ತನೆಯ ಕುರ್ಚಿ ಮೂರೂ ಒಟ್ಟಿಗೆ ಕಣ್ಣಮುಂದೆ ಬಂದವು. ಹೆಂಡತಿ ಇನ್ನು ಕೆಲಸ ನಿಲ್ಲಿಸಿ ಮುಖ ನೋಡಬೇಕಾಗಿಲ್ಲ. ಅವನು ಕೈಮುಗಿಯಲು ಹೊರಟ. ಅಷ್ಟರಲ್ಲಿ ದರ್ಜಿ ಗಂಟಲು ಸರಿಮಾಡಿಕೊಂಡ.

"ಮೇಷ್ಟ್ರೇ, ನಿಮಗೆ ಚುಚ್ಚೋದು ಎಲ್ಲಿ?"

"ಎಡಗಡೆ, ಹಿಂದೆ."

"ನನಗೂ ಅಲ್ಲೇ!" ಎಂದು ದರ್ಜಿ ಬಾಯಿಗೆ ಕೈಹಾಕಿ ಸೆಟ್ಟು ತೆಗೆದು ಕೌಂಟರಿನ ಮೇಲಿಟ್ಟ. "ನಾಲ್ಕು ವರ್ಷ ಆಯ್ತು. ಮನೇಲಿ ಲೋಟದಲ್ಲಿ ಇಡ್ತೀನಿ, ಅಂಗಡಿಗೆ ಬರುವಾಗ ಹಾಕ್ಕೊಳ್ತೀನಿ."

"ಮತ್ತೆ ಯಾಕೆ ಹೇಳಲಿಲ್ಲ?" ಡಾಕ್ಟರಮ್ಮ ದಂಗಾದರು. "ನಾನು ಕುರ್ಚಿಯಲ್ಲಿ ಕೂರಿಸಿ ಪ್ರತಿಯೊಬ್ಬರನ್ನೂ ಕೇಳ್ತೀನಲ್ಲ!"

ದರ್ಜಿ ನರ್ಸಮ್ಮನ ಕಡೆ ನೋಡಿದ. ನರ್ಸಮ್ಮ ಸೆರಗಿನ ತುದಿ ನೋಡಿದರು.

"ನಾನೇ ಹೇಳ್ತಿದ್ದೆ ಡಾಕ್ಟರಮ್ಮ. ಸೆಟ್ಟು ಮಾಡಿದವನು ಬೆಟ್ಟದವನು, ಒಳಗೇ ಕೂತಿದ್ದಾನೆ, ಹೇಗಿದ್ರೂ ಚೆನ್ನಾಗಿದೆ ಅಂದುಬಿಡಿ ಅಂತ. ಸುಮ್ಮನೆ ಯಾಕೆ ರಂಪ ಅಂತ. ಒಳ್ಳೇದಕ್ಕೇ ಹೇಳಿದ್ದು."

"ಎಷ್ಟು ದಿನದಿಂದ?"

"ಒಂ... ಒಂಬತ್ತು ವರ್ಷದಿಂದ."

ಕಾರ್ಯದರ್ಶಿಗಳ ಹೆಂಡತಿ ಮರೆಗೆ ತಿರುಗಿ ಮೇಲಿನ ಸೆಟ್ಟು ತೆಗೆದರು. ಗುಂಪಿನ ಜೊತೆ ಬಂದಿದ್ದ ಪೇಪರಿನವನ ಅತ್ತೆ ತೆಗೆದರು. ಗೋಡೆಗೆ ಅಂಟಿ ಕೂತಿದ್ದ ರೋಗಿಗಳಲ್ಲಿ ಮೂವರು ಎದ್ದು ಬಂದರು. ಅವರಲ್ಲೊಬ್ಬರು ಮೇಷ್ಟ್ರ ಕೈಹಿಡಿದು, "ನಾನೂ ಬೆಟ್ಟದವಳೇ ಮೇಷ್ಟ್ರೇ, ಎರಡು ಬೀದಿ ಆಚೆ ಇದ್ದೀನಿ" ಎಂದು ಅತ್ತರು. ಐದು ಗಂಟೆ ಹೊಡೆಯುವಾಗ ಕೌಂಟರಿನ ಮೇಲೆ ಏಳು ಸೆಟ್ಟುಗಳು ಸಾಲಾಗಿ ಕೂತು ಹಲ್ಲಣ್ಣನನ್ನು ನೋಡಿ ನಗುತ್ತಿದ್ದವು. ಏಳೂ ಒಂದೇ ಜಾಗದಲ್ಲಿ ಚುಚ್ಚುತ್ತಿದ್ದವು.

ಹಲ್ಲಣ್ಣ ಒಂದೊಂದನ್ನೇ ಎತ್ತಿ ಬೆರಳಾಡಿಸಿದ. ಎಡಗಡೆ, ಹಿಂದೆ, ಒಂದು ಕೂದಲೆಳೆಯಷ್ಟು ದಪ್ಪ. ಅವನು ಅರ ಹಿಡಿಯುವ ರೀತಿಯಲ್ಲೇ ಆ ಮೂಲೆ ತಪ್ಪಿಹೋಗುತ್ತಿತ್ತು. ಮೊದಲ ತಿಂಗಳಲ್ಲೇ ಯಾರಾದರೂ ಒಬ್ಬರು ಅಯ್ಯೋ ಎಂದಿದ್ದರೆ ಸಾಕಿತ್ತು, ಕೈ ತಿದ್ದಿಕೊಳ್ಳುತ್ತಿದ್ದ. ಒಂಬತ್ತು ವರ್ಷ ಒಂದೂ ದೂರಿಲ್ಲ ಎಂದು ಎದೆಯುಬ್ಬಿಸಿಕೊಂಡಿದ್ದ ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಡಾಕ್ಟರಮ್ಮ ಬೀರುವಿನಿಂದ ರೋಗಿಗಳ ದಪ್ಪ ಪುಸ್ತಕ ತೆಗೆದು ಪುಟ ತಿರುವಿದರು. "ಇಲ್ಲಿಯವರೆಗೆ ಕೊಟ್ಟದ್ದು ಆರುನೂರ ಹನ್ನೆರಡು ಸೆಟ್ಟು. ನಾಳೆಯಿಂದ ಒಬ್ಬೊಬ್ಬರನ್ನೇ ಕರೆಸ್ತೀನಿ. ಕೌಂಟರ್ ನಿಮ್ಮದೇ, ಮಾತು ತಪ್ಪಲ್ಲ. ಆದರೆ ಇದೆಲ್ಲ ಮುಗಿದ ಮೇಲೆ."

"ಆ ಕೋಣೆಯಲ್ಲಿ ಧೂಳು ಡಾಕ್ಟರಮ್ಮ..."

"ಕಿಟಕಿ ಒಡೆಸ್ತೀನಿ. ನಾಳೆಯೇ ಗಾರೆಯವರಿಗೆ ಹೇಳ್ತೀನಿ. ಗೋಡೆ ಒಡೆಯುವಾಗ ಒಂದು ತಿಂಗಳು ಧೂಳು ಸ್ವಲ್ಪ ಹೆಚ್ಚಿರುತ್ತೆ, ಮುಖಕ್ಕೆ ಬಟ್ಟೆ ಕಟ್ಕೊಳ್ಳಿ."

ಹೀಗೆ ಹಲ್ಲಣ್ಣ ನಿನ್ನೆ ಎದ್ದುಬಂದಿದ್ದ ಹಿಂದಿನ ಕೋಣೆಯ ಸ್ಟೂಲಿನ ಮೇಲೆಯೇ ಸಂಜೆ ಐದೂಕಾಲಿಗೆ ಮತ್ತೆ ಕೂತ, ಎದುರಿಗೆ ಏಳು ಸೆಟ್ಟು, ಬಾಗಿಲಲ್ಲಿ ಏಳು ಬೊಚ್ಚು ಬಾಯಿ. ನಲವತ್ತು ವರ್ಷ ಅದುಮಿಟ್ಟ ದನಿಯನ್ನು ಲೆಕ್ಕದ ಮೇಷ್ಟ್ರು ಒಂದೇ ಸಂಜೆಯಲ್ಲಿ ಖರ್ಚು ಮಾಡಲು ತೀರ್ಮಾನಿಸಿದಂತಿತ್ತು. "ಅಲ್ಲಲ್ಲ, ಇನ್ನೂ ಹಿಂದೆ! ಕಣ್ಣು ಎಲ್ಲಿಟ್ಟಿದ್ದೀಯಾ?" ಎಂದು ಅವರು ಗುಡುಗಿದಾಗ ಪಕ್ಕದ ಕೋಣೆಯಲ್ಲಿ ನರ್ಸಮ್ಮನ ಕೈಯಿಂದ ತಟ್ಟೆ ಬಿತ್ತು. ಬೈದು ಮುಗಿಸಿ ಮೇಷ್ಟ್ರು ಹತ್ತು ವರ್ಷ ಚಿಕ್ಕವರಾದವರಂತೆ ಕಾಲು ಚಾಚಿ ಕೂತರು.

ಅವರ ನಂತರ ಬಂದ ಕಾರ್ಯದರ್ಶಿಗಳ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತರು.

"ಏನು ರೀ ಇದು, ಕೆಲಸವಾ? ಒಂದು ವರ್ಷ ನಾನು ಎಡಗಡೆ ಅಗಿದಿಲ್ಲ. ನಾಚಿಕೆ ಆಗಲ್ವಾ ನಿಮಗೆ?"

ಹಲ್ಲಣ್ಣ ತಲೆತಗ್ಗಿಸಿ ಮುಂದಿನ ಮಾತಿಗೆ ಕಾದ. ಇಂಥ ಮಾತಿನ ಹಿಂದೆಯೇ ಇನ್ನೊಂದು ಮಾತು ಬರುವುದು ಅವನಿಗೆ ಹುಟ್ಟಿದಾಗಿನಿಂದ ರೂಢಿ. ಅದು ಬರಲಿಲ್ಲ. ಕಾದು ಕಾದು ಅವನೇ ಮೆಲ್ಲಗೆ ಕೇಳಿದ.

"ನಮ್ಮ ಕಡೆಯವರ ಕೆಲಸವೇ ಹೀಗೆ ಅಂತೀರಾ ಅಮ್ಮ?"

"ನಿಮ್ಮ ಕಡೆಯವರನ್ನ ಯಾಕೆ ಎಳೆದು ತರ್ತೀರಿ?" ಎಂದು ಅವರು ರೇಗಿದರು. "ಅವರೇನು ಮಾಡಿದ್ರು ಪಾಪ! ಕೆಡಿಸಿದ್ದು ನೀವು! ನೀವೊಬ್ಬರೇ!"

ಹಲ್ಲಣ್ಣನ ಕೈಯಲ್ಲಿದ್ದ ಅರ ನಿಂತಿತು. ಕಣ್ಣಲ್ಲಿ ನೀರು ತುಂಬಿತು. ಧೂಳಿಗೆ ಒಮ್ಮೆ ಜೋರಾಗಿ ಕೆಮ್ಮಿ, ಮುಖ ಒರೆಸಿಕೊಂಡು, ಅವನು ಅವರ ಕಡೆಗೆ ಸ್ಟೂಲನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡ.

"ಅಮ್ಮಾ, ಇನ್ನೊಂದು ಸಲ ಹೇಳಿ."